ನೀರಿನ ಗಾಳಿಯ ಅಟ್ಟಣೆ

ಮೆಲ್ವಿನ್ ಕೊಸ್ಕೆಲಾ ನವೆಂಬರ್ ಹತ್ತೊಂಬತ್ತರಂದು ತೀರಿಕೊಂಡ. ಎಪ್ಪತ್ತೊಂದು ವರ್ಷವಾಗಿತ್ತು. ಕಾಡಿನಲ್ಲಿದ್ದಾಗ ಹೃದಯ ನಿಂತಿತು. ನೆಲ ಹೆಪ್ಪುಗಟ್ಟುವ ಮೊದಲೇ ಗುಂಡಿ ತೋಡಬೇಕೆಂದು ಸ್ಮಶಾನ ನೋಡಿಕೊಳ್ಳುವವನು ಅವಸರಪಡಿಸಿದ್ದರಿಂದ ಬೇಗನೆ ಮಣ್ಣು ಮಾಡಿದೆವು.

ಊರಿನ ಪತ್ರಿಕೆಯಲ್ಲಿ ಅವನ ಬಗ್ಗೆ ನಾಲ್ಕೈದು ಸಾಲು ಬಂತು. ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ, ಹೆಂಡತಿ ಮಾರ್ಲಿಸ್, ತಮ್ಮ ರೂಡಿ, ಮಕ್ಕಳಿಲ್ಲ, ಬೇಟೆಯಲ್ಲಿ ಆಸಕ್ತಿ. ಒಂದೂ ಸುಳ್ಳಲ್ಲ. ಮಾರ್ಲಿಸ್ ಅದನ್ನು ಓದಿ, ಮಡಚಿ, ಒಲೆಯ ಪಕ್ಕದ ಸೌದೆ ಪೆಟ್ಟಿಗೆಗೆ ಹಾಕಿದಳು.

"ಆಸಕ್ತಿ ಇದ್ದದ್ದು ಗಾಳೀಲಿ ಕಣೋ ಕ್ಲೇಟನ್," ಅಂದಳು. "ಜಿಂಕೆ ಸಿಕ್ಕಿದ್ರೆ ಸಿಕ್ತು, ಇಲ್ದಿದ್ರೆ ಇಲ್ಲ. ಗಾಳಿ ಮಾತ್ರ ಅವನಿಗೆ ದಿನಾ ಬೇಕಿತ್ತು."

ಅವಳು ಹೇಳಿದ್ದು ಸರಿ. ಅದನ್ನು ಪತ್ರಿಕೆಯವರಿಗೆ ಹೇಳುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಊರಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಾಗ ಅವನು ನಸುಕಿನಲ್ಲಿ ರಸ್ತೆಗಳ ಹಿಮ ತಳ್ಳಿ ಮುಗಿಸಿ, ಒಳಗೆ ಬಂದು ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು ಕಾಫಿ ಕುಡಿಯುತ್ತಿದ್ದ. ಪುಸ್ತಕ ಮುಟ್ಟುತ್ತಿರಲಿಲ್ಲ. ಗೋಡೆಯ ಮೇಲಿನ ದೊಡ್ಡ ನಕ್ಷೆಯ ಮುಂದೆ ನಿಂತು, ಸುಪೀರಿಯರ್ ಸರೋವರದ ಮೇಲೆ ಬೆರಳಿಟ್ಟು, ಆ ಬೆರಳನ್ನು ನಿಧಾನವಾಗಿ ನಮ್ಮೂರಿನವರೆಗೆ ಎಳೆಯುತ್ತಿದ್ದ. ಮೊದಲು ನನಗೆ ಅದು ಅರ್ಥವಾಗಲಿಲ್ಲ. ಆ ನೀರಿನ ಮೇಲಿಂದ ಬರುವ ವಾಯವ್ಯದ ಗಾಳಿಯನ್ನು ನಮ್ಮಲ್ಲಿ ಯಾರೂ ದಿಕ್ಕಿನ ಹೆಸರಿನಿಂದ ಕರೆಯುವುದಿಲ್ಲ. ನೀರಿನ ಗಾಳಿ ಅನ್ನುತ್ತೇವೆ. ನವೆಂಬರಿನಲ್ಲಿ ಹೆಚ್ಚಿನ ದಿನ ಅದೇ.

ನಮ್ಮ ಕಡೆ ಯಾರೇ ಹೊಸದಾಗಿ ಬೇಟೆಯ ಅಟ್ಟಣೆ ಕಟ್ಟಿದರೂ ಒಮ್ಮೆ ಮೆಲ್ವಿನ್‌ನನ್ನು ಕರೆದು ತೋರಿಸುತ್ತಿದ್ದರು. ಜುಲೈ ತಿಂಗಳ ಸೊಳ್ಳೆಗಳ ನಡುವೆ ಬರುತ್ತಿದ್ದ. ಬಂದವನು ಮರದ ಬುಡದಲ್ಲಿ ಕೂತುಬಿಡುತ್ತಿದ್ದ. ಜೇಬಿನಲ್ಲಿ ಹಿಂದಿನ ವರ್ಷದ ಒಣಕಾಯಿ ಇರುತ್ತಿತ್ತು, ಎಕ್ಕದ ಜಾತಿಯದ್ದು. ಅದನ್ನು ಬಿಡಿಸಿ ಒಳಗಿನ ಹತ್ತಿಯ ಒಂದೊಂದೇ ಎಳೆಯನ್ನು ಗಾಳಿಗೆ ಬಿಡುತ್ತಿದ್ದ. ಎಳೆ ಎಲ್ಲಿ ಏರುತ್ತದೆ, ಎಲ್ಲಿ ತಗ್ಗಿಗೆ ಇಳಿಯುತ್ತದೆ, ಯಾವ ಮರ ಸುತ್ತಿ ಹಿಂದಕ್ಕೆ ಬರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಬೆಳಗಿನ ತಂಪು ಗಾಳಿ ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಅದೇ ಮೇಲಕ್ಕೆ ಬರುತ್ತದೆ. ಅದಕ್ಕೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೂರುತ್ತಿದ್ದ.

ನನ್ನ ಅಟ್ಟಣೆ ನೋಡಲು ಬಂದ ದಿನ ನಾನು ಹೆಮ್ಮೆಯಿಂದ, "ಇಲ್ಲಿಂದ ಎಲ್ಲಾ ಕಾಣುತ್ತೆ," ಅಂದೆ.

"ಹೌದು," ಅಂದ. "ಅವಕ್ಕೂ ನೀನು ಕಾಣ್ತೀಯ. ಕಾಣದಿದ್ದವಕ್ಕೆ ವಾಸನೆ ಹೋಗುತ್ತೆ. ಬೆಳಗ್ಗೆ ಏನು ತಿಂದೆ?"

"ಹಂದಿಮಾಂಸ ಹುರಿದಿದ್ದೆ."

"ಅದೂ ಹೋಗುತ್ತೆ." ಹತ್ತಿಯ ಇನ್ನೊಂದು ಎಳೆ ಬಿಟ್ಟು ಕೇಳಿದ, "ಇಲ್ಲಿಗೆ ಯಾವ ದಾರೀಲಿ ಬರ್ತೀಯ?"

"ನಾವು ಈಗ ಬಂದ ದಾರೀಲೇ."

"ಹಾಗಾದ್ರೆ ಈ ಅಟ್ಟಣೇಲಿ ಪುಸ್ತಕ ಓದ್ಕೊಂಡು ಕೂರು. ಜಿಂಕೆ ತೊಂದರೆ ಕೊಡಲ್ಲ."

ಆ ವರ್ಷ ಅದನ್ನು ಬಿಚ್ಚಿ ತೊರೆಯ ಆಚೆ ಕಟ್ಟಿದೆವು. ದಾರಿ ಉದ್ದವಾಯಿತು, ಒದ್ದೆಯಾಯಿತು. ಜಿಂಕೆ ಸಿಕ್ಕಿತು.

ಅಕ್ಟೋಬರ್ ಬಂತೆಂದರೆ ಅವರ ಮನೆಯಲ್ಲಿ ನಿಸು ಮಾಡುವುದು ನಿಲ್ಲುತ್ತಿತ್ತು. ನಿಸು ಅಂದರೆ ಜಡೆಯಂತೆ ಹೆಣೆದು ಸುಡುವ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು. ಫಿನ್ಲೆಂಡಿನಿಂದ ಬಂದ ಅಜ್ಜಿಯರು ಬಿಟ್ಟುಹೋದದ್ದು. ಅದರ ವಾಸನೆ ಉಣ್ಣೆಗೆ ಹಿಡಿದರೆ ಬಿಡುವುದಿಲ್ಲ. "ಇಡೀ ಬೀದಿ ಏಲಕ್ಕಿ ಘಮಘಮ ಅಂತಿರುತ್ತೆ," ಎಂದು ಮಾರ್ಲಿಸ್ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮನೇಲಿ ಮಾತ್ರ ಸೂತಕ. ಕೋಟು ಈಗಾಗ್ಲೇ ಶೆಡ್ಡಲ್ಲಿ ಸೀಡರ್ ಸೊಪ್ಪಿನ ಜೊತೆ ಮಲಗ್ತಿದೆ. ಇನ್ನು ಕೋಟಿನ ಯಜಮಾನ ಎದ್ದು ಹೋಗೋದು ಒಂದು ಬಾಕಿ." ಅವನು ಅಡುಗೆಮನೆಯ ಕಿಟಕಿಯಿಂದ ಹೊಗೆಕೊಳವೆಯ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡುತ್ತಿದ್ದ.

ಇಷ್ಟೆಲ್ಲ ಬಲ್ಲವನಿಗೆ ಒಂದು ಅಟ್ಟಣೆ ಇತ್ತು, ಅದರಲ್ಲಿ ಅವನು ಕೂರುತ್ತಿರಲಿಲ್ಲ.

ಅವನ ಅಪ್ಪ ಓನ್ನಿ ಕಟ್ಟಿದ್ದು ಅದು. ಸೀಡರ್ ಮರಗಳು ದಟ್ಟವಾಗಿ ನಿಂತ ಜೌಗಿನಿಂದ ಜಿಂಕೆಗಳು ಹೊರಬರುವ ಇಕ್ಕಟ್ಟಿನಲ್ಲಿದೆ. ಅದಕ್ಕೆ ‘ಬಾಯಿ’ ಎಂದು ಹೆಸರು. ಅಲ್ಲಿಂದ ಆಗ್ನೇಯಕ್ಕೆ ಒಂದು ತಗ್ಗು, ತಗ್ಗು ದಾಟಿದರೆ ಓಕ್ ಮರಗಳ ದಿಣ್ಣೆ. ದಿಣ್ಣೆಯ ಮೇಲೆ ಎರಡನೆಯ ಅಟ್ಟಣೆ. ಓನ್ನಿ ಬಾಯಿಯನ್ನು ಕಟ್ಟಿದ್ದೇ ನೀರಿನ ಗಾಳಿಗಾಗಿ. ಆ ಗಾಳಿಯಲ್ಲಿ ಜೌಗಿನಿಂದ ಬರುವ ಜಿಂಕೆಗೆ ಅಲ್ಲಿ ಕೂತವನ ಸುಳಿವು ಸಿಗುವುದಿಲ್ಲ. ಆದರೆ ಕೂತವನ ಮೈವಾಸನೆ ನೇರವಾಗಿ ತಗ್ಗಿಗೆ ಇಳಿದು ದಿಣ್ಣೆಯವರೆಗೆ ಹಾಸಿಕೊಳ್ಳುತ್ತದೆ. ದಿಣ್ಣೆಯ ಮೇಲಿದ್ದವನು ಸಂಜೆಯವರೆಗೆ ಕೂತರೂ ತಗ್ಗಿನಿಂದ ಒಂದು ಜಿಂಕೆ ಹತ್ತಿ ಬರುವುದಿಲ್ಲ. ಆದ್ದರಿಂದ ಕೊಸ್ಕೆಲಾ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ನೀರಿನ ಗಾಳಿ ಇದ್ದರೆ ಒಂದೋ ಬಾಯಿ, ಇಲ್ಲವೇ ದಿಣ್ಣೆ, ಎರಡರಲ್ಲೂ ಒಟ್ಟಿಗೆ ಕೂರುವಂತಿಲ್ಲ. ದಿಣ್ಣೆಯ ಮೇಲೆ ಜನ ಇದ್ದು ಗಾಳಿ ನಡುವೆ ತಿರುಗಿದರೆ ಬಾಯಿಯಲ್ಲಿದ್ದವನು ಇಳಿಯಬೇಕು. ಇಳಿದು ಹತ್ತಿರದ ದಾರಿಯಲ್ಲಿ, ತಗ್ಗಿನ ಮೂಲಕ, ಹೋಗಬಾರದು. ಜೌಗಿನ ಹಿಂಬದಿಯಿಂದ ಸುತ್ತಿ ಹೋಗಬೇಕು.

ಓನ್ನಿಯ ಕೊನೆಯ ನವೆಂಬರಿನಲ್ಲಿ ಮಕ್ಕಳಿಬ್ಬರೂ ಅವನನ್ನು ದಿಣ್ಣೆಗೆ ಕರೆದೊಯ್ದು ಕುರ್ಚಿ ಹಾಕಿ, ಕಾಲಿಗೆ ಕಂಬಳಿ ಹೊದಿಸಿ ಕೂರಿಸಿದರು. ರೂಡಿ ಪಕ್ಕದಲ್ಲಿ ಕೂತ. ಗಾಳಿ ತೆಂಕಣದಿಂದ ಇತ್ತು, ಎರಡೂ ಕಡೆ ಕೂರಬಹುದಾಗಿತ್ತು. ಮೆಲ್ವಿನ್ ಬಾಯಿಗೆ ಹೋದ.

ಹೊತ್ತೇರಿದ ಮೇಲೆ ಗಾಳಿ ತಿರುಗಿತು.

ಆ ಬೆಳಗಿನ ವಿಷಯವನ್ನು ಮೆಲ್ವಿನ್ ನನಗೆ ಎಷ್ಟೋ ವರ್ಷಗಳ ನಂತರ ಅವರ ಸೌನಾದಲ್ಲಿ, ಹಬೆಸ್ನಾನದ ಕೋಣೆಯಲ್ಲಿ, ಹೇಳಿದ. ಮೇಲಿನ ಹಲಗೆಯ ಮೇಲೆ ಕೂತಿದ್ದ, ಹಬೆಯಲ್ಲಿ ಮುಖ ಕಾಣುತ್ತಿರಲಿಲ್ಲ.

"ಎಡಗೆನ್ನೆ ತಣ್ಣಗಾಯ್ತು. ತಕ್ಷಣ ಗೊತ್ತಾಯ್ತು," ಅಂದ. "ಆದ್ರೆ ಸೀಡರ್ ಒಳಗೆ ಒಂದು ಕಾಲು ಕಾಣ್ತಿತ್ತು. ಒಂದು ಕಾಲು, ಮೂಗಿನ ತುದಿ. ದೊಡ್ಡ ಗಂಡು. ಇನ್ನೆರಡು ಹೆಜ್ಜೆ ಇಟ್ಟಿದ್ರೆ ಸಾಕಾಗಿತ್ತು. ಈಗ ಇಡುತ್ತೆ, ಈಗ ಇಡುತ್ತೆ ಅಂತ ಕೂತೆ."

"ಇಟ್ತಾ?"

"ಇಲ್ಲ. ಹಿಂದಕ್ಕೆ ಹೋಯ್ತು."

ಅದೇ ಹೊತ್ತಿಗೆ ದಿಣ್ಣೆಯ ಕೆಳಗೆ ಒಂದು ಹಿಂಡು ತಗ್ಗಿನಿಂದ ಹತ್ತಿ ಬರುತ್ತಿತ್ತು. ಓನ್ನಿ ಬಂದೂಕನ್ನು ಮೊಣಕಾಲ ಮೇಲೆ ಹೊಂದಿಸಿಕೊಂಡಿದ್ದ. ಮುಂದಿದ್ದ ಜಿಂಕೆ ನಿಂತು, ಮೂಗೆತ್ತಿ, ಜೋರಾಗಿ ಉಸಿರು ಊದಿತು. ಬಿಳಿ ಬಾಲಗಳೆಲ್ಲ ಒಟ್ಟಿಗೆ ಎದ್ದವು, ಹಿಂಡು ಇಲ್ಲವಾಯಿತು. ಮುದುಕ ಏನಾಯಿತೆಂದು ಕೇಳಿದ. ಗಾಳಿ ತಿರುಗಿತು ಅಪ್ಪ ಎಂದ ರೂಡಿ. ಮೆಲ್ವಿನ್ ಇಳಿದಿರಬೇಕಲ್ಲ ಎಂದ ಮುದುಕ. ಇಳಿದಿಲ್ಲ ಎಂದ ರೂಡಿ. ಅವನಿಗೆ ಗೊತ್ತಾಗಿರಲಿಕ್ಕಿಲ್ಲ ಬಿಡು ಎಂದು ಮುದುಕ ಬಂದೂಕಿನಿಂದ ಗುಂಡು ತೆಗೆದ. ಮತ್ತೆ ಆ ವರ್ಷ ಅವನ ಮುಂದೆ ಜಿಂಕೆ ಬರಲಿಲ್ಲ. ಫೆಬ್ರವರಿಯಲ್ಲಿ ಹೋದ.

ಶವಸಂಸ್ಕಾರದ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿಗೆ ಕೂತಿದ್ದೆವು. ರೂಡಿ ಬಟ್ಟಲು ಹಿಡಿದು ಅಣ್ಣನ ಮುಂದೆ ಬಂದು ನಿಂತ. ರೂಡಿಯದು ಮರ ಕೊಯ್ಯುವ ಮೋಟಾರು ಗರಗಸ, ಇಂಜಿನ್ನು ರಿಪೇರಿ ಮಾಡುವ ಗ್ಯಾರೇಜು. ಕೈಯ ಎಣ್ಣೆಕಪ್ಪು ಅವತ್ತೂ ಪೂರ್ತಿ ಹೋಗಿರಲಿಲ್ಲ.

"ಅಪ್ಪ ಸಾಯೋವರೆಗೂ ನಿಂಗೆ ಗೊತ್ತಾಗಿಲ್ಲ ಅಂತಾನೇ ನಂಬಿದ್ದ," ಅಂದ. "ನೀನೇ ಹೇಳು. ಗೊತ್ತಾಗಿರಲಿಲ್ವಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಾದ್ರಿಗಳೂ ಸೇರಿ ಎಲ್ಲರೂ ಆ ಉತ್ತರಕ್ಕೇ ಕಾಯುತ್ತಿದ್ದರು.

"ಗೊತ್ತಾಗಿತ್ತು," ಅಂದ ಮೆಲ್ವಿನ್.

ರೂಡಿ ಬಟ್ಟಲನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದ. ಆಮೇಲೆ ಹದಿನಾಲ್ಕು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ.

ಕಾಡು ಪಾಲಾದಾಗ ಜೌಗಿನ ಕಡೆ ಮೆಲ್ವಿನ್‌ಗೆ, ದಿಣ್ಣೆಯ ಕಡೆ ರೂಡಿಗೆ ಬಂತು. ರೂಡಿ ನಡುವೆ ಮುಳ್ಳಿಲ್ಲದ ಒಂದೆಳೆ ತಂತಿ ಎಳೆಸಿದ. ನಮ್ಮ ಕಡೆ ಕಾಡಿಗೆ ಯಾರೂ ಬೇಲಿ ಹಾಕುವುದಿಲ್ಲ. ಅದು ದನ ತಡೆಯಲು ಹಾಕಿದ್ದಲ್ಲ, ಒಬ್ಬನಿಗೆ ಕಾಣಲಿ ಎಂದು ಹಾಕಿದ್ದೆಂದು ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ಪ್ರತಿ ನವೆಂಬರಿನಲ್ಲೂ ರೂಡಿ ದಿಣ್ಣೆಯ ಮೇಲಿರುತ್ತಿದ್ದ. ಮೆಲ್ವಿನ್ ಒಮ್ಮೆಯೂ ಬಾಯಿಯಲ್ಲಿ ಕೂರಲಿಲ್ಲ. ತೆಂಕಣ ಗಾಳಿ ಬೀಸಿದ ಅಪರೂಪದ ದಿನಗಳಲ್ಲೂ ಇಲ್ಲ. ಗಾಳಿ ತಿರುಗಿದರೆ ಎಂಬ ಭಯ. ರಸ್ತೆಯ ಆಚೆ ಸಾಧಾರಣ ಜಾಗದಲ್ಲಿ ಕೂತು, ಸಿಕ್ಕಿದ ಎಳೆಕೊಂಬಿನ ಗಂಡು ಜಿಂಕೆಯನ್ನೋ ಏನನ್ನೋ ತರುತ್ತಿದ್ದ. ಕೆಲವು ವರ್ಷ ಅದೂ ಇಲ್ಲ. ಊರಿಗೆಲ್ಲ ಅಟ್ಟಣೆಯ ಜಾಗ ತೋರಿಸುವವನು ಬರಿಗೈಯಲ್ಲಿ ಬಂದಾಗ ಹೋಟೆಲಿನಲ್ಲಿ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಒಮ್ಮೆ ನನ್ನ ಗರಗಸ ತೆಗೆದುಕೊಂಡು ರೂಡಿಯ ಗ್ಯಾರೇಜಿಗೆ ಹೋದಾಗ ಅವನು ತಲೆ ಎತ್ತದೆ ಹೇಳಿದ, "ನಿನ್ನ ಸ್ನೇಹಿತನಿಗೆ ಹೇಳು. ಅಪ್ಪ ಕಟ್ಟಿದ ಅಟ್ಟಣೆ ಕೊಳೀತಾ ಇದೆ. ತಾನೂ ಕೂರಲ್ಲ, ಬೇರೆ ಯಾರನ್ನೂ ಕೂರಿಸಲ್ಲ. ದಿಣ್ಣೆ ಮೇಲಿಂದ ನಾನು ಅದನ್ನ ನೋಡ್ತಾ ಹೊಟ್ಟೆ ಉರ್ಕೋಬೇಕು, ಅಷ್ಟೇ ಅವನಿಗೆ ಬೇಕಾಗಿರೋದು."

ಯಾಕೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಬಾರದೆಂದು ಮೆಲ್ವಿನ್ ಮೊದಲೇ ಮಾತು ತೆಗೆದುಕೊಂಡಿದ್ದ. "ನಾನು ಅವನಿಗೋಸ್ಕರ ಬಿಟ್ಟಿದ್ದೀನಿ ಅಂತ ಗೊತ್ತಾದ್ರೆ ಅವನು ನಾಳೆನೇ ದಿಣ್ಣೆ ಬಿಡ್ತಾನೆ," ಎಂದಿದ್ದ. "ಅವನ ಹಠ ನಿಂಗೊತ್ತಿಲ್ಲ. ಆಮೇಲೆ ಎರಡೂ ಅಟ್ಟಣೆ ಕೊಳೀತವೆ."

ಹೋದ ವಸಂತದಲ್ಲಿ ಮೆಲ್ವಿನ್‌ಗೆ ಅಂಗಳದ ಹಿಮ ಎತ್ತುವಾಗ ಉಸಿರು ಸಿಕ್ಕಿಕೊಂಡಿತು. ಹೃದಯ ತೀರಾ ಸೋತಿದೆ, ಇನ್ನೊಂದು ಚಳಿಗಾಲ ಕಷ್ಟ ಎಂದರು ಡಾಕ್ಟರು. ಏಣಿ ಹತ್ತಬಾರದು, ಭಾರ ಎತ್ತಬಾರದು, ಚಳಿಗೆ ಹೋಗಬಾರದು.

"ಏಣಿ ಬಿಡಬಹುದು," ಅಂದ ಮನೆಗೆ ಬಂದು. "ಚಳಿ ಬಿಟ್ಟು ಇಲ್ಲಿ ಯಾವ ಕಡೆ ಹೋಗಲಿ?"

ಆ ಸಂಜೆ ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವು. ಬಾಯಿಯ ಅಟ್ಟಣೆಯನ್ನು ಸರಿಮಾಡಬೇಕು, ಈ ನವೆಂಬರಿನಲ್ಲಿ ಒಂದು ಬೆಳಗ್ಗೆ ಅಲ್ಲಿ ಕೂರಬೇಕು, ಆಮೇಲೆ ರೂಡಿಯ ಹತ್ತಿರ ಹೋಗುತ್ತೇನೆ ಎಂದ.

"ಮೊದಲು ರೂಡಿ ಹತ್ರ ಹೋಗು," ಅಂದಳು ಮಾರ್ಲಿಸ್. "ಕಾಡು ಎಲ್ಲಿಗೂ ಓಡಿಹೋಗಲ್ಲ."

"ಹೋಗಿ ಏನು ಹೇಳಲಿ?"

"ಏನೂ ಹೇಳ್ಬೇಡ. ಕೆಟ್ಟುಹೋಗಿರೋ ಗರಗಸ ತಗೊಂಡು ಹೋಗು."

"ಗರಗಸ ಕೆಟ್ಟಿಲ್ಲ."

"ಕೆಡಿಸು."

ಅವನು ನಕ್ಕ. ಆಮೇಲೆ ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಾ ಹೇಳಿದ, "ಇಳಿಯದೆ ಕೂತಿದ್ದವನು ಅಂತಾನೇ ಅವನ ಮುಂದೆ ಹೋಗಿ ನಿಲ್ಲಲಾ? ಒಂದು ಸಲ ಅಲ್ಲಿ ಸರಿಯಾಗಿ ಕೂತು ಬರ್ತೀನಿ. ಆಮೇಲೆ ಹೋಗೋದು ಸುಲಭ ಆಗುತ್ತೆ."

"ಯಾರಿಗೆ ಸುಲಭ?"

"ನಂಗೆ."

ಮಾರ್ಲಿಸ್ ಎದ್ದು ಒಲೆಗೆ ಸೌದೆ ಹಾಕಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆ ಬೇಸಿಗೆ ನಾನು ಅವರ ಮನೆಗೆ ಹೋದಾಗಲೆಲ್ಲ ಗರಗಸ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು. ಅವನು ಅದನ್ನು ಶೆಡ್ಡಿಗೆ ಒಯ್ದಿಟ್ಟರೆ ಅವಳು ಮತ್ತೆ ತಂದಿಡುತ್ತಿದ್ದಳು.

ಆಗಸ್ಟಿನಲ್ಲಿ ನಾವಿಬ್ಬರೂ ಅಟ್ಟಣೆ ಸರಿಮಾಡಿದೆವು. ಮಾಡಿದ್ದು ನಾನು, ಅವನು ಮರದ ದಿಮ್ಮಿಯ ಮೇಲೆ ಕೂತು ಹೇಳುತ್ತಿದ್ದ. ಮೊದಲಿನ ಎತ್ತರಕ್ಕೆ ಹತ್ತಲು ಆಗುವುದಿಲ್ಲವೆಂದು ಹಲಗೆಯನ್ನು ತೀರಾ ಕೆಳಗೆ, ಎದೆಯ ಮಟ್ಟಕ್ಕೆ ಇಳಿಸಿದೆವು. ಅದರಿಂದ ಅವನಿಗೆ ಸಮಾಧಾನವಿರಲಿಲ್ಲ. ಎತ್ತರದಲ್ಲಿ ಕೂತರೆ ವಾಸನೆ ಸ್ವಲ್ಪ ದೂರ ತೇಲಿ ಆಮೇಲೆ ನೆಲಕ್ಕೆ ಬರುತ್ತದೆ, ಕೆಳಗೆ ಕೂತರೆ ಕೂತಲ್ಲಿಂದಲೇ ಹರಡುತ್ತದೆ. ಹತ್ತಿಯ ಎಳೆಗಳನ್ನು ಬಿಡುತ್ತಾ ಇಡೀ ಮಧ್ಯಾಹ್ನ ಕೂತ. ಅವತ್ತು ನೀರಿನ ಗಾಳಿ, ಒಂದೊಂದೂ ತಗ್ಗಿನ ಕಡೆಗೆ, ತಂತಿಯ ಕಡೆಗೆ ಹೋಯಿತು.

"ನೋಡು," ಅಂದ. "ನೀರಿನ ಗಾಳೀಲಿ ಇಲ್ಲಿ ಒಂದು ಉಸಿರು ಬಿಟ್ರೂ ಅವನಿಗೆ ಕೆಡುತ್ತೆ."

"ತೆಂಕಣ ಗಾಳಿ ಬರದೇ ಇದ್ರೆ?"

"ಬರದಿದ್ರೆ ಕೂರಲ್ಲ."

ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾಯಿತು. ಅವತ್ತು ನೀರಿನ ಗಾಳಿ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ. ಮೆಲ್ವಿನ್ ಬೆಳಗ್ಗೆ ಎದ್ದು ಬೇಟೆಯ ಬಟ್ಟೆ ಹಾಕಿಕೊಂಡು ಅಂಗಳಕ್ಕೆ ಹೋಗಿ ನಿಂತು, ಒಳಗೆ ಬಂದು, ಬಟ್ಟೆ ಬಿಚ್ಚಿ, ಕಾಫಿಗೆ ಕೂರುತ್ತಿದ್ದನಂತೆ. ಹದಿನೆಂಟರ ಸಂಜೆ ನನಗೆ ಫೋನು ಮಾಡಿದ. ನಾಳೆ ತೆಂಕಣ ಗಾಳಿ, ಹೋಗುತ್ತೇನೆ ಎಂದ.

"ನಾನೂ ಬರ್ತೀನಿ. ಪಿಕಪ್ಪಲ್ಲೇ ಕೂತಿರ್ತೀನಿ," ಅಂದೆ.

"ಬೇಡಪ್ಪ. ನೀನು ಮೀನು ಹುರಿದಿದ್ದೀಯ. ಫೋನಲ್ಲೇ ವಾಸನೆ ಬರ್ತಿದೆ."

ನಾನು ಹುರಿದಿದ್ದದ್ದು ನಿಜ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಮರುದಿನ ಊಟದ ಹೊತ್ತಿಗೆ ಮಾರ್ಲಿಸ್ ಫೋನು ಮಾಡಿ, "ಅವನು ಬರಲಿಲ್ಲ," ಅಂದಳು.

ಕಾಡಿನ ಗಾಡಿದಾರಿಯ ಕೊನೆಯಲ್ಲಿ ಅವನ ಪಿಕಪ್ ನಿಂತಿತ್ತು. ಅಷ್ಟರಲ್ಲಿ ಗಾಳಿ ನೀರಿನ ಕಡೆಯಿಂದ ಬಲವಾಗಿ ಬೀಸುತ್ತಿತ್ತು. ಹಿಮ ಕಣಕಾಲಿನವರೆಗೆ ಇತ್ತು. ಅಟ್ಟಣೆಯವರೆಗೆ ಹೋದ ಹೆಜ್ಜೆಗಳಿದ್ದವು. ಅಟ್ಟಣೆ ಖಾಲಿ ಇತ್ತು. ಅಲ್ಲಿಂದ ಹೊರಟ ಹೆಜ್ಜೆಗಳು ಬಂದ ದಾರಿಯಲ್ಲಿ ಇರಲಿಲ್ಲ, ಜೌಗಿನ ಹಿಂದಕ್ಕೆ ಹೋಗಿದ್ದವು. ಅವುಗಳನ್ನೇ ಹಿಡಿದು ಹೋದೆ. ಕೊನೆಗೆ ಅವನು ಸಿಕ್ಕಿದ್ದು ತಂತಿಯ ಆಚೆ, ರೂಡಿಯ ನೆಲದಲ್ಲಿ, ದಿಣ್ಣೆಯ ಬುಡದಲ್ಲಿ. ಪಕ್ಕಕ್ಕೆ ಮಲಗಿದ್ದ. ಕೈಗವಸು ಹಾಕಿಕೊಂಡೇ ಇದ್ದ. ನಾನು ಅವನ ಪಕ್ಕ ಕೂತು ರೂಡಿಯನ್ನು ಕೂಗಿದೆ. ದಿಣ್ಣೆಯ ಮೇಲೆ ಯಾರೂ ಇರಲಿಲ್ಲ. ಅವನು ಆಗಲೇ ಜಿಂಕೆ ಹೊಡೆದು ಆಚೆ ಬದಿಯಿಂದ ಎಳೆದುಕೊಂಡು ಮನೆಗೆ ಹೋಗಿದ್ದ.

ಮಾರನೆಯ ದಿನ ರೂಡಿ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ರಾತ್ರಿ ಹಿಮ ಬಿದ್ದಿರಲಿಲ್ಲ.

"ಹೆಜ್ಜೆ ಇನ್ನೂ ಇರುತ್ತೆ," ಅಂದ. "ತೋರಿಸ್ತೀಯಾ?"

ಇಬ್ಬರೂ ಅಟ್ಟಣೆಯಿಂದ ಶುರು ಮಾಡಿದೆವು. ರೂಡಿ ತಗ್ಗಿಸಿದ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಿದ. ಯಾಕೆ ಇಷ್ಟು ಕೆಳಗೆ ಎಂದು ಕೇಳಿದ. ಹೇಳಿದೆ. ಹದಿನಾಲ್ಕು ವರ್ಷ ಯಾಕೆ ಕೂರಲಿಲ್ಲ ಎಂಬುದನ್ನೂ ಹೇಳಿದೆ. ಮಾತು ತೆಗೆದುಕೊಂಡವನೇ ಇರಲಿಲ್ಲ. ರೂಡಿ ಬಹಳ ಹೊತ್ತು ಹಲಗೆಯ ಮೇಲಿನಿಂದ ಕೈ ತೆಗೆಯಲಿಲ್ಲ.

"ನಿನ್ನೆ ಅವನ ಪಿಕಪ್ ನೋಡಿದ್ದೆ," ಅಂದ ಆಮೇಲೆ. "ಬಾಯಲ್ಲಿ ಕೂತಿದ್ದಾನೆ ಅಂತ ಗೊತ್ತಿತ್ತು. ಗಾಳಿ ತಿರುಗಿದಾಗ ಅಂದ್ಕೊಂಡೆ, ಹೋಯ್ತು, ಮತ್ತೆ ಅದೇ ಆಟ. ಬಂದೂಕು ಪಕ್ಕಕ್ಕಿಟ್ಟು ಕಾಫಿ ಸುರ್ಕೊಂಡೆ. ಸುಮಾರು ಹೊತ್ತಾದ ಮೇಲೆ ತಗ್ಗಿಂದ ಹಿಂಡು ಬಂತು. ಆ ಗಾಳಿ ಹಿಂದಿಂದ ಬೀಸ್ತಿದ್ರೂ, ಆರಾಮಾಗಿ, ಮೇಯ್ತಾ ಬಂದ್ವು. ಇಳಿದಿದ್ದಾನೆ ಅಂತ ಆಗ್ಲೇ ಗೊತ್ತಾಯ್ತು."

ಅವನು ದಿಣ್ಣೆಯ ಕಡೆ ತಿರುಗಿ ನಿಂತ.

"ಹೊಡೆದ ಮೇಲೂ ಅಲ್ಲೇ ಕೂ‌ತಿದ್ದೆ ಕ್ಲೇಟನ್. ಜಿಂಕೆ ಎಳೆಯೋಕೆ ಅಣ್ಣ ಬರ್ತಾನೇನೋ ಅಂತ. ಥರ್ಮಾಸು ಖಾಲಿಯಾಯ್ತು. ಬರಲಿಲ್ಲ. ಇಷ್ಟು ಮಾಡಿದ್ದೇ ದೊಡ್ಡದು ಬಿಡು ಅಂತ ಆ ಕಡೆಯಿಂದ ಎಳ್ಕೊಂಡು ಹೋದೆ." ಅದರ ಬುಡದ ಕಡೆ ಕೈ ತೋರಿಸಿದ. "ಈ ಕಡೆ ಇಳಿದು ನೋಡಲಿಲ್ಲ."

ಹೆಜ್ಜೆಗಳನ್ನು ಹಿಡಿದು ನಡೆದೆವು. ಅಟ್ಟಣೆಯ ಕೆಳಗೆ ಹಿಮ ತುಳಿದುಹೋಗಿರಲಿಲ್ಲ, ಅನುಮಾನಿಸುತ್ತಾ ನಿಂತ ಗುರುತು ಇರಲಿಲ್ಲ. ಇಳಿದವನು ಇಳಿದಂತೆಯೇ ಹೊರಟಿದ್ದ. ತಗ್ಗಿನ ದಾರಿ ಸಮತಟ್ಟು, ನಾನೇ ಆಗಸ್ಟಿನಲ್ಲಿ ಮುಳ್ಳು ಕಡಿದು ಹಸನು ಮಾಡಿದ್ದು. ಅತ್ತ ಒಂದು ಹೆಜ್ಜೆಯೂ ಇರಲಿಲ್ಲ. ಜೌಗಿನ ಹಿಂದೆ ಬಿದ್ದ ಮರಗಳ ಮೇಲೆ ಹತ್ತಿ ಇಳಿದಿದ್ದ. ತೊರೆಯ ತೆಳು ಮಂಜುಗಡ್ಡೆ ಒಡೆದು ಮತ್ತೆ ಕಟ್ಟಿಕೊಂಡಿತ್ತು. ಅಲ್ಲಲ್ಲಿ ದಿಮ್ಮಿಗಳ ಮೇಲಿನ ಹಿಮ ಒರೆಸಿಹೋಗಿತ್ತು, ಕೂತು ದಣಿವಾರಿಸಿಕೊಂಡ ಜಾಗಗಳು. ಮುಂದೆ ಹೋದಂತೆ ಅಂಥ ಜಾಗಗಳು ಹತ್ತಿರ ಹತ್ತಿರವಾದವು. ರೂಡಿ ಒಂದೊಂದರ ಮುಂದೆಯೂ ನಿಂತು ಮುಂದೆ ಹೋದ.

ಜೌಗು ಮುಗಿದಲ್ಲಿ ಮರಗಳು ತೆಳುವಾಗುತ್ತವೆ. ಅಲ್ಲಿಂದ ಪಿಕಪ್ ನಿಂತಿದ್ದ ಜಾಗ ಕಾಣುತ್ತದೆ. ಮೆಲ್ವಿನ್ ಅಲ್ಲಿಯವರೆಗೆ ಬಂದು ನಿಂತಿದ್ದ. ಎರಡೂ ಪಾದ ಜೋಡಿಸಿ, ಪಿಕಪ್ಪಿನ ಕಡೆ ಮುಖ ಮಾಡಿ ನಿಂತ ಗುರುತು ಸ್ಪಷ್ಟವಾಗಿತ್ತು. ಅದೇ ಜಾಗದಲ್ಲಿ ಪಾದಗಳು ತಿರುಗಿದ್ದವು. ತಮ್ಮನ ಗುಂಡು ಕೇಳಿಸಿದ್ದು ಅಲ್ಲೇ ಇರಬೇಕು. ನಮ್ಮಲ್ಲಿ ಮನೆಯವರ ಕಡೆಯಿಂದ ಒಂದೇ ಗುಂಡು ಕೇಳಿ, ಆಮೇಲೆ ಸದ್ದಿಲ್ಲದಿದ್ದರೆ ಜಿಂಕೆ ಬಿದ್ದಿದೆ ಎಂದು ಅರ್ಥ. ಹತ್ತಿರ ಇದ್ದವರು ಎಳೆಯಲು ಹೋಗುತ್ತಾರೆ. ಕರೆಯುವವರೆಗೆ ಕಾಯುವುದಿಲ್ಲ. ಅಲ್ಲಿ ಹಿಮದ ಮೇಲೆ ಅವನ ಚೀಲ ಇಟ್ಟ ಚೌಕಾಕಾರದ ಗುರುತಿತ್ತು, ಅದರ ಪಕ್ಕ ಹಗ್ಗದ ಸುರುಳಿ ಬಿಚ್ಚಿದ ಗೆರೆಗಳಿದ್ದವು.

ಪಿಕಪ್ಪಿನ ಕಡೆ ಹೆಜ್ಜೆಗಳಿರಲಿಲ್ಲ. ದಿಣ್ಣೆಯ ಕಡೆ ಇದ್ದವು. ಚಿಕ್ಕ ಚಿಕ್ಕ ಹೆಜ್ಜೆ, ಆದರೆ ಎಲ್ಲೂ ಕೂತಿರಲಿಲ್ಲ. ತಂತಿಯ ಹತ್ತಿರ ಬಂದು, ಬೇಲಿ ದಾಟುವಾಗ ಅಪ್ಪ ಕಲಿಸಿದ್ದಂತೆ ಬಂದೂಕಿನ ಗುಂಡು ತೆಗೆದು ಅದನ್ನು ಕಂಬಕ್ಕೆ ಒರಗಿಸಿದ್ದ. ಆಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಿಂದ ತಂತಿ ಎತ್ತಿ, ತಲೆ ಬಗ್ಗಿಸಿ, ತಮ್ಮನ ಕಡೆಗೆ ನುಸುಳಿದ.